ಸಂಶೋಧನಾ ಅನುದಾನ ಮತ್ತು ಪರೋಕ್ಷ ವೆಚ್ಚ: ಪ್ರಾಯೋಜಕರ ಮಿತಿಯನ್ನು ವಿಶ್ವವಿದ್ಯಾನಿಲಯಗಳು ನಿರ್ವಹಿಸುವ ಬಗೆ

ಸಂಶೋಧನಾ ಯೋಜನೆಯ ಪ್ರಸ್ತಾವವನ್ನು ಸಿದ್ಧಪಡಿಸುವ ನಮ್ಮಲ್ಲಿ ಹೆಚ್ಚಿನವರು ಆಯವ್ಯಯ ಪಟ್ಟಿಯ ಕೊನೆಯ ಸಾಲನ್ನು ಗಮನವಿಟ್ಟು ನೋಡುವುದಿಲ್ಲ. ಯೋಜನಾ ಸಹಾಯಕರ ವೇತನ, ಕ್ಷೇತ್ರಕಾರ್ಯದ ಪ್ರಯಾಣ, ಪುಸ್ತಕ, ಛಾಯಾಪ್ರತಿ, ಸಾದಿಲ್ವಾರು ಎಂದು ಬರೆದು ಮುಗಿಸಿದ ಮೇಲೆ ‘ಸಾಂಸ್ಥಿಕ ಓವರ್‌ಹೆಡ್’ ಎಂಬ ಒಂದು ಸಾಲು ಉಳಿದಿರುತ್ತದೆ. ಅದರ ಮುಂದೆ ಪ್ರಾಯೋಜಕ ಸಂಸ್ಥೆಯೇ ಒಂದು ಶೇಕಡಾವಾರನ್ನು ನಿಗದಿಪಡಿಸಿರುತ್ತದೆ. ಆ ಹಣ ನಮಗೆ ಬರುವುದಲ್ಲ, ವಿಶ್ವವಿದ್ಯಾನಿಲಯದ ಖಾತೆಗೆ ಹೋಗುವುದು ಎಂಬ ಉದಾಸೀನದಿಂದಲೇ ನಾವು ಸಹಿ ಹಾಕಿ ಕಳುಹಿಸುತ್ತೇವೆ. ಆ ಒಂದು ಸಾಲು ಏನು, ಅದಕ್ಕೆ ಪ್ರಾಯೋಜಕರು ಮಿತಿ ಹಾಕುವುದೇಕೆ, ಹಾಕಿದಾಗ ವಿಶ್ವವಿದ್ಯಾನಿಲಯಗಳು ಏನು ಮಾಡುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಸಾಹಿತ್ಯದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಒಂದು ನಷ್ಟದಿಂದ. ಅದನ್ನು ಮೊದಲು ಹೇಳುವುದು ಉಚಿತ.

ಕೆಲವು ವರ್ಷಗಳ ಹಿಂದೆ ನಾವು ಹೊರನಾಡಿನಲ್ಲಿ ತಲೆಮಾರುಗಳಿಂದ ನೆಲಸಿರುವ ಕನ್ನಡ ಮನೆತನಗಳಲ್ಲಿ ಉಳಿದ ಓಲೆಗರಿ ಹಾಗೂ ಕಾಗದದ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಸೂಚಿ ತಯಾರಿಸುವ ಎರಡು ವರ್ಷಗಳ ಯೋಜನೆಯೊಂದನ್ನು ಕೈಗೊಂಡಿದ್ದೆವು. ಪ್ರಾಯೋಜಕರು ಒಪ್ಪಿದ ಓವರ್‌ಹೆಡ್ ಶೇಕಡ 5. ಚಿತ್ರಗಳನ್ನು ಗಣಕ ಕೇಂದ್ರದ ಸರ್ವರಿನಲ್ಲಿ ಇರಿಸಲು ವಾರ್ಷಿಕ ಶುಲ್ಕವಿತ್ತು. ಅದನ್ನು ಯೋಜನೆಯ ಲೆಕ್ಕದಲ್ಲಿ ಬರೆಯಲು ಕೇಳಿದಾಗ, ಸಂಗ್ರಹಣೆ ಸಂಸ್ಥೆಯ ಹೊಣೆ, ಓವರ್‌ಹೆಡ್‌ನಿಂದಲೇ ಭರಿಸತಕ್ಕದ್ದೆಂದು ಪ್ರಾಯೋಜಕರು ಉತ್ತರಿಸಿದರು. ಹಣಕಾಸು ವಿಭಾಗವನ್ನು ಕೇಳಿದಾಗ, ಆ ಶೇಕಡ 5 ವಿದ್ಯುತ್ತಿಗೂ ಸಾಲದೆಂದು ಉತ್ತರ ಬಂತು. ಇಬ್ಬರ ಮಾತೂ ಅವರವರ ನಿಯಮದಂತೆ ಸರಿಯಾಗಿಯೇ ಇತ್ತು. ಚಿತ್ರಗಳು ಎರಡು ಹಾರ್ಡ್ ಡಿಸ್ಕುಗಳಲ್ಲಿ ನಮ್ಮ ಕೊಠಡಿಯ ಬೀರುವಿನಲ್ಲಿ ಉಳಿದವು. ಯೋಜನೆ ಮುಗಿದ ಮರುವರ್ಷ ಒಂದು ಡಿಸ್ಕು ಕೆಟ್ಟಿತು. ಇನ್ನೊಂದರಲ್ಲಿದ್ದ ಪ್ರತಿ ಅಪೂರ್ಣವಾಗಿತ್ತು. ಹೀಗೆ ಕಳೆದುಹೋದವುಗಳಲ್ಲಿ ಒಂದು, ಪ್ರತಿಕಾರನ ಹೆಸರೂ ಊರೂ ಶಕವರ್ಷವೂ ನಮೂದಾಗಿದ್ದ ಜೈಮಿನಿ ಭಾರತದ ಓಲೆಪ್ರತಿ. ಆ ಮನೆಗೆ ಮತ್ತೆ ಹೋದಾಗ ಹಿರಿಯರು ತೀರಿಕೊಂಡಿದ್ದರು. ಮನೆ ಮಾರುವಾಗ ಕಟ್ಟುಗಳೂ ಹೋಗಿದ್ದವು. ಸೂಚಿಯಲ್ಲಿ ಆ ಪ್ರತಿಯ ಮೂರು ಸಾಲಿನ ವಿವರ ಮಾತ್ರ ಇದೆ. ಇದರಲ್ಲಿ ನಮ್ಮ ತಪ್ಪು ಎಷ್ಟೆಂಬುದನ್ನು ಮುಂದೆ ಹೇಳುತ್ತೇವೆ.

ಒಂದು ಯೋಜನೆಗೇ ಸೇರಿದ್ದೆಂದು ಬೊಟ್ಟುಮಾಡಿ ತೋರಿಸಬಹುದಾದ ಖರ್ಚು ನೇರ ವೆಚ್ಚ. ಹಲವು ಯೋಜನೆಗಳಿಗೂ ಬೋಧನೆಗೂ ಒಟ್ಟಾಗಿ ಒದಗುವ, ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಿಲ್ಲದ ಖರ್ಚು ಪರೋಕ್ಷ ವೆಚ್ಚ. ಕಟ್ಟಡದ ಸವಕಳಿ, ದುರಸ್ತಿ, ವಿದ್ಯುತ್ತು, ನೀರು, ಗ್ರಂಥಾಲಯ, ಲೆಕ್ಕಪತ್ರ ವಿಭಾಗ, ಆಡಿಟ್, ಕಾವಲು ಇವೆಲ್ಲ ಇದರಲ್ಲಿ ಸೇರುತ್ತವೆ. ಓವರ್‌ಹೆಡ್ ಎಂದರೆ ವಿಶ್ವವಿದ್ಯಾನಿಲಯ ಮುರಿದುಕೊಳ್ಳುವ ಲಾಭಾಂಶವೆಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ತತ್ತ್ವದ ದೃಷ್ಟಿಯಿಂದ ಅದು ಸರಿಯಲ್ಲ. ಆಗಲೇ ಆಗಿರುವ ಖರ್ಚಿನ ಒಂದು ಪಾಲಿನ ಮರುಪಾವತಿ ಅದು.

ಮಧ್ಯಕಾಲೀನ ಸಾಹಿತ್ಯವನ್ನೂ ಶಾಸನಗಳನ್ನೂ ಓದಿಕೊಂಡವರಿಗೆ ಈ ವಿಚಾರ ಅಪರಿಚಿತವಾಗಬೇಕಿಲ್ಲ. ನಮ್ಮ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳ ಜೊತೆಯಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು, ಎಂದರೆ ಒಡೆದದ್ದು ಬಿರಿದದ್ದರ ದುರಸ್ತಿಗೆಂದು, ಭೂಮಿಯನ್ನು ಬಿಡುವುದು ವಾಡಿಕೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ದೊರೆತ, ಹಿಂದಿನ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮಾಲೆಯಲ್ಲಿ ಪ್ರಕಟವಾದ ಕ್ರಿ.ಶ. 1058ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿದೆ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಸ್ಥಾಪಿಸಿದ ಅಲ್ಲಿನ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಜೀವಿತವನ್ನು ಕಲ್ಪಿಸಿದಂತೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಕಲ್ಪಿಸಲಾಗಿದೆ. ಇವರು ಪುಸ್ತಕ ಭಂಡಾರವನ್ನು ನೋಡಿಕೊಳ್ಳುವವರೆಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಇಂದಿನ ಅನುದಾನ ನಿಯಮಗಳನ್ನು ಅನ್ವಯಿಸಿದರೆ ಈ ಆರು ಮಂದಿಯೂ ಪರೋಕ್ಷ ವೆಚ್ಚದ ಸಾಲಿಗೆ ಸೇರಿ, ಮಿತಿಯ ಕತ್ತರಿಗೆ ಮೊದಲು ಸಿಕ್ಕುತ್ತಿದ್ದರು. ದಾನಿಯೇ ಅವರನ್ನು ಹೆಸರಿಸಿ, ಅವರಿಗೆಂದೇ ಉತ್ಪತ್ತಿಯನ್ನು ಗೊತ್ತುಮಾಡಿದ್ದರಿಂದ ಅವರು ನೇರ ವೆಚ್ಚವಾದರು. ಒಂದು ಖರ್ಚು ನೇರವೋ ಪರೋಕ್ಷವೋ ಎಂಬುದು ಎಷ್ಟೋ ಸಲ ಅದರ ಸ್ವಭಾವಕ್ಕಿಂತ ಅದನ್ನು ಬರೆದ ರೀತಿಯನ್ನು ಅವಲಂಬಿಸುತ್ತದೆ.

ಈ ವಿಷಯದ ನಿಯಮಗಳು ಅತ್ಯಂತ ವಿವರವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಸರ್ಕಾರವು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಶ್ವವಿದ್ಯಾನಿಲಯಗಳಿಂದ ದೊಡ್ಡ ಪ್ರಮಾಣದ ಸಂಶೋಧನೆ ಮಾಡಿಸಿಕೊಂಡಾಗ, ಸಂಬಳ ಸಾಮಗ್ರಿಗಳಲ್ಲದೆ ಕಟ್ಟಡ ಕಚೇರಿಗಳ ಖರ್ಚನ್ನೂ ಕೊಡಬೇಕಾದ ಪ್ರಶ್ನೆ ಬಂತು. 1958ರಲ್ಲಿ ಅಲ್ಲಿನ ಬಜೆಟ್ ಬ್ಯೂರೋ ಹೊರಡಿಸಿದ ‘ಎ-21’ ಎಂಬ ಸುತ್ತೋಲೆ ಯಾವ ವೆಚ್ಚ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಕ್ರಮಬದ್ಧಗೊಳಿಸಿತು. 2014ರ ಕೊನೆಗೆ ಅದು ಎಲ್ಲ ಇಲಾಖೆಗಳಿಗೂ ಸಮಾನವಾದ ಒಂದು ನಿಯಮಾವಳಿಯಲ್ಲಿ ಲೀನವಾಯಿತು. ಮಿತಿಯೂ ಅಲ್ಲಿ ಹೊಸದಲ್ಲ. ಎನ್.ಐ.ಎಚ್. ಎಂದು ಪ್ರಸಿದ್ಧವಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನಗಳಲ್ಲಿ ಪರೋಕ್ಷ ವೆಚ್ಚಕ್ಕೆ ಮೊದಲು ಶೇಕಡ 8, 1958ರಿಂದ 15, 1963ರಿಂದ 20 ಎಂಬ ಮಿತಿಗಳಿದ್ದು, 1960ರ ದಶಕದ ಮಧ್ಯದಲ್ಲಿ ಅವನ್ನು ತೆಗೆದುಹಾಕಲಾಯಿತು. ಆ ಬಳಿಕ ಪ್ರತಿಯೊಂದು ವಿಶ್ವವಿದ್ಯಾನಿಲಯವೂ ತನ್ನ ಲೆಕ್ಕಪತ್ರಗಳನ್ನು ಸರ್ಕಾರದ ಮುಂದಿರಿಸಿ ತನ್ನದೇ ದರವನ್ನು ಮಾತುಕತೆಯಿಂದ ಗೊತ್ತುಮಾಡಿಕೊಳ್ಳುವ ಪದ್ಧತಿ ನೆಲೆಗೊಂಡಿತು. ಆ ದರದಲ್ಲಿ ಎರಡು ಭಾಗಗಳು: ಕಟ್ಟಡ, ಉಪಕರಣ, ಗ್ರಂಥಾಲಯಗಳಿಗೆ ಸಂಬಂಧಿಸಿದ ಸೌಕರ್ಯ ವೆಚ್ಚ, ಕಚೇರಿಗಳಿಗೆ ಸಂಬಂಧಿಸಿದ ಆಡಳಿತ ವೆಚ್ಚ.

ದರವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಶೇಕಡ 50 ಎಂದರೆ ಅನುದಾನದ ಅರ್ಧಭಾಗ ಕಚೇರಿಗೆ ಹೋಯಿತೆಂದು ಅರ್ಥವಲ್ಲ. ದರ ಅನ್ವಯವಾಗುವುದು ನೇರ ವೆಚ್ಚದ ಎಲ್ಲ ಭಾಗಕ್ಕೂ ಅಲ್ಲ. ಭಾರಿ ಬೆಲೆಯ ಉಪಕರಣ, ವಿದ್ಯಾರ್ಥಿಗಳ ಶುಲ್ಕ, ಬೇರೆ ಸಂಸ್ಥೆಗಳಿಗೆ ಹಂಚಿಕೊಟ್ಟ ಮೊತ್ತದ ಬಹುಭಾಗ ಇವನ್ನು ಕಳೆದು ಉಳಿಯುವುದಕ್ಕೆ ಮಾತ್ರ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೇರ ವೆಚ್ಚ 100 ಡಾಲರ್. ಅದರಲ್ಲಿ ದರ ತಗಲುವ ಭಾಗ 80. ಶೇಕಡ 50ರಂತೆ ಪರೋಕ್ಷ ವೆಚ್ಚ 40. ಒಟ್ಟು ಅನುದಾನ 140 ಆಗುವುದರಿಂದ ಅದರಲ್ಲಿ ಪರೋಕ್ಷದ ಪಾಲು ಸುಮಾರು ಶೇಕಡ 29. ಪತ್ರಿಕೆಗಳಲ್ಲಿ ನಡೆಯುವ ವಾಗ್ವಾದಗಳಲ್ಲಿ ಒಂದು ಪಕ್ಷ ಮೊದಲ ಸಂಖ್ಯೆಯನ್ನೂ ಇನ್ನೊಂದು ಪಕ್ಷ ಎರಡನೆಯದನ್ನೂ ಹಿಡಿದು ಕೂಗಾಡುವುದನ್ನು ನಾವು ಕಂಡಿದ್ದೇವೆ.

ಪ್ರಾಯೋಜಕರ ಶಂಕೆ ನಿರಾಧಾರವೆಂದು ಹೇಳುವಂತಿಲ್ಲ. 1991ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪರೋಕ್ಷ ವೆಚ್ಚಗಳ ವಿಚಾರಣೆ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ನಡೆಯಿತು. ಅದರ ಅಧ್ಯಕ್ಷರು ಜಾನ್ ಡಿಂಗೆಲ್. ವಿಹಾರನೌಕೆಯೊಂದರ ಸವಕಳಿ, ವಿಶ್ವವಿದ್ಯಾನಿಲಯದ ಅಧ್ಯಕ್ಷರ ನಿವಾಸದ ಹೂವು ಹಾಗೂ ಪೀಠೋಪಕರಣಗಳ ಖರ್ಚು ಇವೆಲ್ಲ ಸಂಶೋಧನೆಯ ಪರೋಕ್ಷ ವೆಚ್ಚದ ಲೆಕ್ಕದಲ್ಲಿ ನುಸುಳಿದ್ದವು. ಶೇಕಡ 70ರ ಆಸುಪಾಸಿನಲ್ಲಿದ್ದ ದರವನ್ನು ಸರ್ಕಾರ 55.5ಕ್ಕೆ ಇಳಿಸಿತು, ಅಧ್ಯಕ್ಷ ಡೊನಾಲ್ಡ್ ಕೆನಡಿ 1992ರಲ್ಲಿ ಹುದ್ದೆಯನ್ನು ತೊರೆದರು. 1994ರ ಇತ್ಯರ್ಥದಲ್ಲಿ ವಿಶ್ವವಿದ್ಯಾನಿಲಯದ ಮೇಲೆ ವಂಚನೆಯ ಆರೋಪವೇನೂ ಉಳಿಯಲಿಲ್ಲವಾದರೂ ನೌಕೆಯ ಕಥೆ ಮಾತ್ರ ಉಳಿಯಿತು. 1991ರಲ್ಲಿಯೇ ಆಡಳಿತ ವೆಚ್ಚದ ಭಾಗಕ್ಕೆ ಶೇಕಡ 26ರ ಮಿತಿ ಬಂತು. ಸೌಕರ್ಯ ವೆಚ್ಚಕ್ಕೆ ಅಂಥ ಮಿತಿ ಇಲ್ಲ. ಗ್ರಂಥಾಲಯವನ್ನು ಕಚೇರಿಯೊಡನೆ ಸೇರಿಸದೆ ಕಟ್ಟಡದೊಡನೆ ಸೇರಿಸಿದ ಆ ಲೆಕ್ಕಿಗರಿಗೆ ನಾವು ಕೃತಜ್ಞರಾಗಿರಬೇಕು.

ಇನ್ನು ಮಿತಿಯನ್ನು ನಿಭಾಯಿಸುವ ಬಗೆ. ಖಾಸಗಿ ಪ್ರತಿಷ್ಠಾನಗಳು ಸಾಮಾನ್ಯವಾಗಿ ಶೇಕಡ 10 ಅಥವಾ 15ರಷ್ಟನ್ನು ಮಾತ್ರ ಕೊಡುತ್ತವೆ. ಕೆಲವು ಏನನ್ನೂ ಕೊಡುವುದಿಲ್ಲ. ಸರ್ಕಾರಿ ಅನುದಾನಗಳಲ್ಲಿಯೂ ತರಬೇತಿಗೆಂದು ಎನ್.ಐ.ಎಚ್. ನೀಡುವಂಥವುಗಳಿಗೆ ಶೇಕಡ 8ರ ಮಿತಿಯಿದೆ. ಇಂಥಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳು ಮೊದಲು ಕೇಳುವ ಪ್ರಶ್ನೆ, ಈ ಮಿತಿ ಪ್ರಾಯೋಜಕರ ಲಿಖಿತ, ಪ್ರಕಟಿತ, ಎಲ್ಲ ಅರ್ಜಿದಾರರಿಗೂ ಸಮಾನವಾದ ನಿಯಮವೇ ಎಂಬುದು. ಹಾಗಿದ್ದರೆ ಒಪ್ಪುವುದು ರೂಢಿ. ನಿಯಮದ ಪ್ರತಿಯನ್ನು ಪ್ರಸ್ತಾವದ ಜೊತೆಯಲ್ಲಿ ಕಡತಕ್ಕೆ ಸೇರಿಸುತ್ತಾರೆ. ಪ್ರಾಯೋಜಕರ ಅಧಿಕಾರಿಯೊಬ್ಬರು ದೂರವಾಣಿಯಲ್ಲಿ ‘ಸ್ವಲ್ಪ ಕಡಿಮೆ ಮಾಡಿಕೊಳ್ಳಿ’ ಎಂದರೆ, ಇಲ್ಲವೆ ಸಂಶೋಧಕರೇ ತಮ್ಮ ಪ್ರಸ್ತಾವ ಅಗ್ಗವಾಗಿ ಕಾಣಲೆಂದು ದರವನ್ನು ಇಳಿಸಿದರೆ ಅದು ಸಲ್ಲದು. ದರವನ್ನು ಬಿಟ್ಟುಕೊಡುವ ಅಧಿಕಾರ ಸಂಶೋಧಕರಿಗಿಲ್ಲ. ಡೀನರ ಶಿಫಾರಸಿನೊಡನೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೆಲವೆಡೆ ಕೊರತೆಯನ್ನು ಆ ವಿಭಾಗವೇ ತುಂಬಿಕೊಡಬೇಕೆಂಬ ಷರತ್ತೂ ಇರುತ್ತದೆ.

ಎರಡನೆಯದು, ಕೆಲವು ಖರ್ಚುಗಳನ್ನು ನೇರ ವೆಚ್ಚದ ಸಾಲಿಗೆ ತರುವುದು. ಮಿತಿ ಹಾಕುವ ಪ್ರತಿಷ್ಠಾನಗಳಲ್ಲಿ ಹಲವು, ಯೋಜನೆಗೆಂದೇ ಬಳಕೆಯಾಗುವ ಕೊಠಡಿಯ ಬಾಡಿಗೆ, ದತ್ತಾಂಶ ಸಂಗ್ರಹಣೆ, ಯೋಜನೆಯ ಕಚೇರಿ ಸಹಾಯಕರ ವೇತನ ಇವನ್ನು ಸಕಾರಣವಾಗಿ ತೋರಿಸಿದರೆ ಒಪ್ಪುತ್ತವೆ. ಸರ್ಕಾರಿ ಹಣಕ್ಕೆ ಈ ಸ್ವಾತಂತ್ರ್ಯ ಕಡಿಮೆ. ಒಂದೇ ಬಗೆಯ ಖರ್ಚನ್ನು ಒಂದೇ ಬಗೆಯ ಸಂದರ್ಭದಲ್ಲಿ ಒಮ್ಮೆ ನೇರ, ಇನ್ನೊಮ್ಮೆ ಪರೋಕ್ಷ ಎಂದು ಬರೆಯಬಾರದೆಂಬ ಏಕರೂಪತೆಯ ನಿಯಮ ಅಲ್ಲಿದೆ. ಮುರಿದರೆ ಒಂದೇ ಖರ್ಚಿಗೆ ಎರಡು ಬಾರಿ ಹಣ ಪಡೆದಂತಾಗುತ್ತದೆ.

ಇಷ್ಟಾದರೂ ಉಳಿಯುವ ಕೊರತೆಯನ್ನು ವಿಶ್ವವಿದ್ಯಾನಿಲಯವೇ ಹೊರುತ್ತದೆ. ವಿದ್ಯಾರ್ಥಿಗಳ ಶುಲ್ಕ, ದತ್ತಿನಿಧಿಯ ಆದಾಯ, ರಾಜ್ಯ ಸರ್ಕಾರದ ನೆರವು ಇವುಗಳಿಂದ ಅದನ್ನು ತುಂಬಬೇಕಾಗುತ್ತದೆ. ಹೀಗೆ ವಸೂಲಾಗದೆ ಉಳಿದ ಪರೋಕ್ಷ ವೆಚ್ಚವನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ವಾರ್ಷಿಕ ಸಮೀಕ್ಷೆ ಲೆಕ್ಕ ಹಾಕುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ವರ್ಷಕ್ಕೆ 600 ಕೋಟಿ ಡಾಲರುಗಳನ್ನು ಮೀರಿದೆ. ಸರ್ಕಾರಿ ಅನುದಾನವಾದರೆ ಪೂರ್ವಾನುಮತಿ ಪಡೆದು ಈ ಮೊತ್ತವನ್ನು ಸಂಸ್ಥೆಯ ಸಹವಂತಿಗೆ ಎಂದು ತೋರಿಸಲು ಅವಕಾಶವಿದೆ. ಹಣ ಬರುವುದಿಲ್ಲವಾದರೂ ಹೊರೆ ಹೊತ್ತವರು ಯಾರೆಂಬುದು ದಾಖಲೆಯಲ್ಲಿ ಉಳಿಯುತ್ತದೆ.

ಮಿತಿಯ ಭಾಷೆಯನ್ನು ಓದುವುದೂ ಒಂದು ಪಾಠಶೋಧನೆಯೇ. ‘ನೇರ ವೆಚ್ಚದ ಶೇಕಡ 10’ ಮತ್ತು ‘ಒಟ್ಟು ಮೊತ್ತದ ಶೇಕಡ 10’ ಒಂದೇ ಅಲ್ಲ. ನೇರ ವೆಚ್ಚ 5 ಲಕ್ಷ ರೂಪಾಯಿ ಇದ್ದರೆ ಮೊದಲನೆಯ ಲೆಕ್ಕದಲ್ಲಿ 50,000, ಎರಡನೆಯದರಲ್ಲಿ ಸುಮಾರು 55,556 ರೂಪಾಯಿ ಬರುತ್ತದೆ. ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಸಂಸ್ಥೆ ತನ್ನ ಹಲವು ಅನುದಾನಗಳಲ್ಲಿ ಹಾಕಿದ ಮಿತಿ ಒಟ್ಟು ಮೊತ್ತದ ಶೇಕಡ 30. ನೇರ ವೆಚ್ಚದ ಮೇಲೆ ಲೆಕ್ಕ ಹಾಕಿದರೆ ಅದೇ ಶೇಕಡ 42.86 ಆಗುತ್ತದೆ. ಈ ಒಂದು ಪದದ ವ್ಯತ್ಯಾಸವನ್ನು ಗಮನಿಸದೆ ಕಡಿಮೆ ಬೇಡಿ, ಆಮೇಲೆ ಪರಿತಪಿಸಿದವರು ನಮ್ಮಲ್ಲಿಯೂ ಇದ್ದಾರೆ.

2025ರಲ್ಲಿ ಈ ವಿಷಯ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು. ಫೆಬ್ರವರಿ 7ರಂದು ಎನ್.ಐ.ಎಚ್. ಒಂದು ಪ್ರಕಟಣೆ ಹೊರಡಿಸಿ, ಎಲ್ಲ ವಿಶ್ವವಿದ್ಯಾನಿಲಯಗಳಿಗೂ, ಹೊಸ ಅನುದಾನಗಳಿಗಷ್ಟೇ ಅಲ್ಲದೆ ನಡೆಯುತ್ತಿರುವವುಗಳಿಗೂ, ಪರೋಕ್ಷ ವೆಚ್ಚ ಶೇಕಡ 15 ಮಾತ್ರ ಎಂದು ಸಾರಿತು. 2023ರ ಆರ್ಥಿಕ ವರ್ಷದಲ್ಲಿ ತಾನು ನೀಡಿದ 3,500 ಕೋಟಿ ಡಾಲರುಗಳಲ್ಲಿ ಸುಮಾರು 900 ಕೋಟಿ ಪರೋಕ್ಷ ವೆಚ್ಚಕ್ಕೆ ಹೋಯಿತೆಂಬುದೂ, ಖಾಸಗಿ ಪ್ರತಿಷ್ಠಾನಗಳಿಂದ 10, 15ನ್ನು ಒಪ್ಪುವವರು ಸರ್ಕಾರದಿಂದ 50ನ್ನು ಕೇಳುವುದೇಕೆಂಬುದೂ ಅದರ ವಾದ. ಮೇಲುನೋಟಕ್ಕೆ ಈ ವಾದ ಬಲವಾಗಿಯೇ ಕಾಣುತ್ತದೆ. ಆದರೆ ಪ್ರತಿಷ್ಠಾನಗಳಿಂದ ಕಡಿಮೆ ಪಡೆಯಲು ಸಾಧ್ಯವಾದದ್ದು ಕಟ್ಟಡ, ಗ್ರಂಥಾಲಯಗಳ ಬಹುಪಾಲು ಖರ್ಚನ್ನು ಬೇರೆಡೆಯ ಹಣ ಆಗಲೇ ಹೊತ್ತಿದ್ದರಿಂದ. ಪ್ರತಿಷ್ಠಾನಗಳು ನೇರ ವೆಚ್ಚವೆಂದು ಒಪ್ಪುವ ಎಷ್ಟೋ ಬಾಬುಗಳನ್ನು ಸರ್ಕಾರ ಪರೋಕ್ಷವೆನ್ನುವುದೂ ಇನ್ನೊಂದು ಕಾರಣ. 22 ರಾಜ್ಯಗಳು, ವಿಶ್ವವಿದ್ಯಾನಿಲಯಗಳ ಸಂಘಗಳು ದಾವೆ ಹೂಡಿದವು. ಮಾತುಕತೆಯಿಂದ ಗೊತ್ತಾದ ದರಗಳನ್ನು ಬದಲಿಸಲು ಎನ್.ಐ.ಎಚ್. ಹಣ ಬಳಸಬಾರದೆಂದು 2018ರಿಂದ ಅಲ್ಲಿನ ಸಂಸತ್ತು ವೆಚ್ಚ ಮಂಜೂರಾತಿಯ ಕಾಯಿದೆಯಲ್ಲಿಯೇ ಸೇರಿಸುತ್ತ ಬಂದಿದ್ದುದು ಅವರಿಗೆ ಒದಗಿತು. ಮಸಾಚುಸೆಟ್ಸ್‌ನ ಫೆಡರಲ್ ನ್ಯಾಯಾಲಯ ಮಾರ್ಚಿಯಲ್ಲಿ ತಾತ್ಕಾಲಿಕವಾಗಿ, ಏಪ್ರಿಲ್‌ನಲ್ಲಿ ಶಾಶ್ವತವಾಗಿ ಪ್ರಕಟಣೆಯನ್ನು ತಡೆಯಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು.

ಯೂರೋಪಿನ ಮಾರ್ಗ ಬೇರೆ. ಯೂರೋಪಿನ ಒಕ್ಕೂಟದ ಹೊರೈಜನ್ ಯೋಜನೆಗಳಲ್ಲಿ ಮಾತುಕತೆಯ ಗೊಡವೆಯಿಲ್ಲದೆ ನೇರ ವೆಚ್ಚದ ಶೇಕಡ 25 ಎಲ್ಲರಿಗೂ ಸಮಾನ. ಬ್ರಿಟನ್ನಿನಲ್ಲಿ 2005ರಿಂದ ಯೋಜನೆಯ ಪೂರ್ಣ ವೆಚ್ಚವನ್ನು ಲೆಕ್ಕ ಹಾಕಿ ಸಂಶೋಧನಾ ಮಂಡಲಿಗಳು ಸಾಮಾನ್ಯವಾಗಿ ಅದರ ಶೇಕಡ 80ನ್ನು ಕೊಡುತ್ತವೆ.

ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯವೊಂದು ತನ್ನ ನಿಜವಾದ ಪರೋಕ್ಷ ವೆಚ್ಚವನ್ನು ಲೆಕ್ಕ ಹಾಕಿ ಸರ್ಕಾರದೊಡನೆ ದರ ಗೊತ್ತುಮಾಡಿಕೊಳ್ಳುವ ಪದ್ಧತಿ ಬೆಳೆದಿಲ್ಲ. ಪ್ರಾಯೋಜಕರು ಹೇಳಿದ್ದೇ ದರ. ವಿಜ್ಞಾನದ ಯೋಜನೆಗಳಿಗೆ ಸಾಮಾನ್ಯವಾಗಿ ಶೇಕಡ 10ರ ಆಸುಪಾಸು, ಮಾನವಿಕಗಳಿಗೆ ಅದಕ್ಕೂ ಕಡಿಮೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಂಬಳ, ಕಟ್ಟಡಗಳಿಗೆ ಕೇಂದ್ರ ಸರ್ಕಾರವೇ ಹಣ ಕೊಡುವುದರಿಂದ ಇಷ್ಟು ಸಾಕೆಂಬುದು ಇದರ ಹಿಂದಿನ ಗ್ರಹಿಕೆ. ಬಂದ ಓವರ್‌ಹೆಡ್‌ನಲ್ಲಿ ವಿಭಾಗಕ್ಕೆ ಪಾಲು ಕೊಡುವ ವಿಶ್ವವಿದ್ಯಾನಿಲಯಗಳೂ ಇವೆ. ಅದು ಎಲ್ಲಿ ಹೋಯಿತೆಂದು ಕೇಳಿದ ಅಧ್ಯಾಪಕರನ್ನು ವಿಚಿತ್ರವಾಗಿ ನೋಡುವ ಕಚೇರಿಗಳೂ ಇವೆ. ಟ್ರಸ್ಟುಗಳ, ಸಂಘಗಳ ಆಶ್ರಯದಲ್ಲಿ ವಿದೇಶಿ ನೆರವಿನಿಂದ ಕೆಲಸ ಮಾಡುವ ಓದುಗರು ಇನ್ನೊಂದನ್ನು ತಿಳಿದಿರಬೇಕು. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿದೆ.

ಪ್ರಯೋಗಶಾಲೆಯಿಲ್ಲದ ನಮ್ಮಂಥವರಿಗೆ ಪರೋಕ್ಷ ವೆಚ್ಚದ ಮಾತೇಕೆ ಎಂದು ಕೇಳುವವರುಂಟು. ವಸ್ತುಸ್ಥಿತಿ ತದ್ವಿರುದ್ಧವಾದುದು. ವಿಜ್ಞಾನಿಯ ಖರ್ಚಿನಲ್ಲಿ ರಾಸಾಯನಿಕ, ಉಪಕರಣಗಳಂಥ ನೇರ ಬಾಬುಗಳು ಎದ್ದು ಕಾಣುತ್ತವೆ. ನಮ್ಮ ಖರ್ಚಿನ ಬಹುಭಾಗ ಗ್ರಂಥಾಲಯ, ಅದರ ಸೂಚಿಕಾರರು, ಹಳೆಯ ಸಂಚಿಕೆಗಳನ್ನಿರಿಸುವ ಕಪಾಟು, ಚಿತ್ರಗಳನ್ನು ಕಾಯುವ ಸರ್ವರು, ಎಲ್ಲವೂ ಪರೋಕ್ಷ. ಅದರಲ್ಲಿಯೂ ಹೊರನಾಡಿನ ಕನ್ನಡ ವಿಭಾಗ ಅಥವಾ ಪೀಠದ ಸ್ಥಿತಿ ಸೂಕ್ಷ್ಮವಾದುದು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಒಂದು ಕನ್ನಡ ಗ್ರಂಥ ನಮ್ಮಲ್ಲಿ ಇಲ್ಲದಿದ್ದರೆ ನೆರೆಯ ಸಂಸ್ಥೆಯಲ್ಲಿ ಸಿಕ್ಕೀತು. ದೆಹಲಿಯಲ್ಲಿ, ಪುಣೆಯಲ್ಲಿ ವಿಭಾಗದ ಕಪಾಟೇ ಎಷ್ಟೋ ಸಲ ಇಡೀ ಊರಿನ ಕನ್ನಡ ಸಂಶೋಧನಾ ಗ್ರಂಥಾಲಯ.

ಈಗ ನಮ್ಮ ತಪ್ಪಿನ ವಿಚಾರ. ಹಸ್ತಪ್ರತಿ ಯೋಜನೆಯ ಪ್ರಸ್ತಾವದಲ್ಲಿ ನಾವು ಸ್ಕ್ಯಾನಿಂಗಿಗೆ ಹಣ ಕೇಳಿದ್ದೆವು, ಸಂಗ್ರಹಣೆಗೆ ಕೇಳಿರಲಿಲ್ಲ. ಅದು ವಿಶ್ವವಿದ್ಯಾನಿಲಯದಲ್ಲಿ ಹೇಗೂ ಇರುತ್ತದೆಂದು ಭಾವಿಸಿದ್ದೆವು. ಮಂಜೂರಾತಿ ಬಂದ ಮೇಲೆ ಕೇಳಿದ್ದರಿಂದ ಅದು ಪ್ರಾಯೋಜಕರ ಕಣ್ಣಿಗೆ ಹಿಂಬಾಗಿಲ ಓವರ್‌ಹೆಡ್ ಆಗಿ ಕಂಡಿತು. ಸಹಿ ಹಾಕುವ ಮುನ್ನ ಹಣಕಾಸು ವಿಭಾಗಕ್ಕೆ ಒಮ್ಮೆ ಹೋಗಿ, ಈ ಶೇಕಡ 5ರಲ್ಲಿ ಯೋಜನೆಗೆ ಏನೇನು ದೊರೆಯುತ್ತದೆಂದು ಬರಹದಲ್ಲಿ ಪಡೆಯಬಹುದಾಗಿತ್ತು. ಅದನ್ನೂ ಮಾಡಲಿಲ್ಲ.

ಅನಂತರದ ಪ್ರಸ್ತಾವವೊಂದರಲ್ಲಿ ‘ಹಸ್ತಪ್ರತಿ ಚಿತ್ರಗಳ ಸಂಗ್ರಹಣೆ ಮತ್ತು ಎರಡು ಸ್ಥಳಗಳಲ್ಲಿ ಪ್ರತಿ ಇರಿಸುವಿಕೆ, ಐದು ವರ್ಷ’ ಎಂಬುದನ್ನು ನೇರ ವೆಚ್ಚದ ಪ್ರತ್ಯೇಕ ಬಾಬಾಗಿ ಬರೆದೆವು. ಎಷ್ಟು ಚಿತ್ರ, ಎಷ್ಟು ಗಾತ್ರ, ಗಣಕ ಕೇಂದ್ರದ ಶುಲ್ಕವೆಷ್ಟು ಎಂಬ ವಿವರವನ್ನೂ, ಈ ಸೇವೆ ಸಂಸ್ಥೆಯ ಸಾಮಾನ್ಯ ಸೌಲಭ್ಯಗಳಲ್ಲಿ ಸೇರಿಲ್ಲವೆಂದು ಹಣಕಾಸು ಅಧಿಕಾರಿಗಳು ಕೊಟ್ಟ ಪತ್ರವನ್ನೂ ಲಗತ್ತಿಸಿದೆವು. ಪ್ರಾಯೋಜಕರು ಪ್ರಯಾಣದ ಬಾಬಿನಲ್ಲಿ ಮೂರನೆಯ ಒಂದು ಭಾಗವನ್ನು ಕಡಿತಗೊಳಿಸಿ, ಸಂಗ್ರಹಣೆಯನ್ನು ಐದರ ಬದಲು ಮೂರು ವರ್ಷಕ್ಕೆ ಒಪ್ಪಿದರು. ನಾಲ್ಕನೆಯ ವರ್ಷದ ಶುಲ್ಕಕ್ಕಾಗಿ ಈಗ ಕುಲಸಚಿವರಿಗೆ ಪತ್ರ ಬರೆದಿದ್ದೇವೆ. ಚಿತ್ರಗಳ ಇನ್ನೊಂದು ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಳ್ಳಲು ಅನುಕೂಲವಿರುವ ಹೊರನಾಡಿನ ವಿಭಾಗಗಳು ಪೀಠಕ್ಕೆ ಬರೆದು ತಿಳಿಸಬಹುದು.